ದಿವಾನರ ಕುರ್ಚಿ, ಮಂತ್ರಿಯ ಕುರ್ಚಿ: ಎರಡರಲ್ಲೂ ಕುಳಿತ ಅಣ್ಣಾಸಾಹೇಬ ಲಠ್ಠೆ



ದ್ವಿತೀಯ ಪಿಯುಸಿ ಇತಿಹಾಸ ಓದುವ ನಮಗೆಲ್ಲ ಮೈಸೂರಿನ ದಿವಾನರ ಹೆಸರು ಬಾಯಿಪಾಠ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ಸರ್ ಎಂ. ವಿಶ್ವೇಶ್ವರಯ್ಯ, ಸರ್ ಮಿರ್ಜಾ ಇಸ್ಮಾಯಿಲ್. ಹತ್ತು ಅಂಕದ ಪ್ರಶ್ನೆ ಬಂದರೆ ಇವರಲ್ಲಿ ಒಬ್ಬರು ನಮ್ಮ ಕೈ ಹಿಡಿಯುತ್ತಾರೆ. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಾವು ಆಗ ಮೈಸೂರಿನ ಪ್ರಜೆಗಳೇ ಆಗಿರಲಿಲ್ಲ. ಹಾಗಾದರೆ ನಮ್ಮ ಸುತ್ತಮುತ್ತ ದಿವಾನರು ಯಾರಾದರೂ ಇದ್ದರೇ? ಅವರ ಕೆಲಸ ಏನು? ಆ ಹುದ್ದೆಗೆ ಏರುವುದು ಹೇಗೆ, ಅಲ್ಲಿಂದ ಇಳಿಯುವುದು ಹೇಗೆ? ನಾನು ತರಗತಿಯಲ್ಲಿ ಕೇಳಿದ ಈ ಪ್ರಶ್ನೆಗೆ ನಮ್ಮ ಇತಿಹಾಸ ಉಪನ್ಯಾಸಕರು, "ನೀನೇ ಹುಡುಕಿ ಬರೆ" ಎಂದರು. ಹುಡುಕಿದಾಗ ಸಿಕ್ಕವರು ಅಣ್ಣಾಸಾಹೇಬ ಲಠ್ಠೆ. ಅವರ ಬಗ್ಗೆ ಹೇಳುವ ಮೊದಲು ಆಗಿನ ನಮ್ಮ ಸೀಮೆ ಹೇಗಿತ್ತು ಎಂಬುದನ್ನು ನೋಡೋಣ.

ಒಂದೇ ಸೀಮೆ, ಹಲವು ಸರಕಾರ

ಗೋಕಾಕ ಮತ್ತು ಹುಕ್ಕೇರಿ ಬ್ರಿಟಿಷರ ಬೆಳಗಾವಿ ಜಿಲ್ಲೆಗೆ, ಅಂದರೆ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಇಂದು ತಾಲೂಕಾಗಿರುವ ಮೂಡಲಗಿ ಆಗ ಗೋಕಾಕಿನ ಭಾಗ. ಆದರೆ ಮೂಡಲಗಿಯಿಂದ ಮೂಡಣಕ್ಕೆ ಹೊರಟು ಮಹಾಲಿಂಗಪುರ ತಲುಪಿದರೆ ಅದು ಮುಧೋಳ ಸಂಸ್ಥಾನ. ಅಲ್ಲಿಂದ ಮುಂದೆ ರಬಕವಿ ಸಾಂಗಲಿ ಸಂಸ್ಥಾನಕ್ಕೆ, ಅದಕ್ಕೆ ಅಂಟಿಕೊಂಡ ಬನಹಟ್ಟಿ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದವು. ಇಂದು ಎರಡೂ ಒಂದೇ ನಗರಸಭೆ. ಘಟಪ್ರಭಾ ನಿಲ್ದಾಣದಲ್ಲಿ ಮಿರಜಿನ ರೈಲು ಹತ್ತಿದವರು ಬ್ರಿಟಿಷ್ ಸೀಮೆಯಲ್ಲಿ ಹತ್ತಿ, ರಾಯಬಾಗ ಬಂದಾಗ ಕೊಲ್ಹಾಪುರದ ಮಹಾರಾಜರ ಸೀಮೆಗೆ ಕಾಲಿಟ್ಟು, ಕೊನೆಗೆ ಮಿರಜ ಸಂಸ್ಥಾನದಲ್ಲಿ ಇಳಿಯುತ್ತಿದ್ದರು. ನಮ್ಮ ದಾದಿ ಇವತ್ತಿಗೂ ರಾಯಬಾಗ ಕಡೆಯ ಬೀಗರನ್ನು "ಸಂಸ್ಥಾನದವರು" ಎಂದೇ ಕರೆಯುತ್ತಾರೆ.

ಈ ಸಂಸ್ಥಾನಗಳ ಗಾತ್ರ ನೋಡಿ. ಮೈಸೂರು 29,000 ಚದರ ಮೈಲಿಗೂ ದೊಡ್ಡದು. ಕೊಲ್ಹಾಪುರ ಸುಮಾರು 3,200 ಚದರ ಮೈಲಿ. ಜಮಖಂಡಿ 524, ಮುಧೋಳ 370ರ ಆಸುಪಾಸು, ರಾಮದುರ್ಗ 169. ಧಾರವಾಡದ ಕಡೆ ನವಾಬರಿದ್ದ ಸವಣೂರು ಬರೀ 70 ಚದರ ಮೈಲಿ. ಆದರೂ ಪ್ರತಿಯೊಂದಕ್ಕೂ ತನ್ನದೇ ಖಜಾನೆ, ನ್ಯಾಯಾಲಯ, ಪೊಲೀಸು, ಶಾಲೆಗಳಿದ್ದವು. ಇಷ್ಟನ್ನೆಲ್ಲ ರಾಜರೊಬ್ಬರೇ ನೋಡಿಕೊಳ್ಳಲು ಆಗುತ್ತಿರಲಿಲ್ಲ. ಅದಕ್ಕೇ ದಿವಾನರು. ಸಣ್ಣ ಸಂಸ್ಥಾನಗಳಲ್ಲಿ ಇದೇ ಹುದ್ದೆಗೆ ಕಾರಭಾರಿ ಎಂಬ ಹೆಸರೂ ಇತ್ತು.

ದಿವಾನ ಎಂದರೆ ಯಾರು?

ದಿವಾನ ಎಂಬುದು ಪಾರ್ಸಿ ಭಾಷೆಯಿಂದ ಬಂದ ಪದ. ಮೊದಲು ಅದಕ್ಕೆ ಲೆಕ್ಕದ ದಫ್ತರ ಎಂಬ ಅರ್ಥವಿತ್ತು. ಆಮೇಲೆ ದಫ್ತರ ಇಡುವ ಕಚೇರಿಗೆ, ಕೊನೆಗೆ ಆ ಕಚೇರಿಯ ಮುಖ್ಯಸ್ಥನಿಗೆ ಅದೇ ಹೆಸರಾಯಿತು. ಒಬ್ಬ ಕವಿಯ ಕವಿತೆಗಳ ಸಂಗ್ರಹಕ್ಕೂ ಉರ್ದುವಿನಲ್ಲಿ ದೀವಾನ್ ಎನ್ನುತ್ತಾರೆ. ಕೂಡಿಟ್ಟದ್ದು ಎಂಬ ಭಾವ ಎರಡರಲ್ಲೂ ಇದೆ. ತಾಲೂಕು, ಜಿಲ್ಲೆ, ತಹಶೀಲ್ದಾರ, ಖಜಾನೆ, ದಫ್ತರ — ನಮ್ಮ ಆಡಳಿತದ ಕನ್ನಡದಲ್ಲಿ ಅರಬಿ-ಪಾರ್ಸಿ ಮೂಲದ ಮಾತುಗಳು ಎಷ್ಟಿವೆ ಎಂದು ಗಮನಿಸಿ. ಅವನ್ನು ತೆಗೆದರೆ ಒಂದು ಅರ್ಜಿ ಬರೆಯುವುದೂ ಕಷ್ಟ.

ದಿವಾನರ ಕೆಲಸವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಕಂದಾಯ ವಸೂಲು ಮಾಡಿಸಿ ವರ್ಷದ ಆಯವ್ಯಯ ಸಿದ್ಧಪಡಿಸುವುದು. ಅಧಿಕಾರಿಗಳನ್ನು ನೇಮಿಸಿ ಅವರ ಮೇಲೆ ಕಣ್ಣಿಡುವುದು. ಪ್ರಜೆಗಳ ಅರ್ಜಿ ರಾಜರಿಗೆ ಮುಟ್ಟುವಂತೆ, ರಾಜರ ಹುಕುಂ ಊರಿಗೆ ಮುಟ್ಟುವಂತೆ ನೋಡಿಕೊಳ್ಳುವುದು. ನಾಲ್ಕನೆಯದು, ಬಹುಶಃ ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಬ್ರಿಟಿಷ್ ಸರಕಾರದೊಡನೆ ಪತ್ರವ್ಯವಹಾರ. ಪ್ರತಿ ಸಂಸ್ಥಾನದ ಮೇಲೂ ಒಬ್ಬ ಬ್ರಿಟಿಷ್ ಅಧಿಕಾರಿಯ ಕಣ್ಣಿತ್ತು. ಕೊಲ್ಹಾಪುರದಲ್ಲಿ ರೆಸಿಡೆಂಟ್ ಇದ್ದರು. ಸವಣೂರಿಗೆ ಧಾರವಾಡದ ಕಲೆಕ್ಟರರೇ ಪೊಲಿಟಿಕಲ್ ಏಜೆಂಟ್.

ಹೀಗೆ ದಿವಾನರಿಗೆ ಇಬ್ಬರು ಯಜಮಾನರು. ರಾಜರು ಮುನಿದರೂ ಕೆಲಸ ಹೋಗುತ್ತದೆ, ಸಾಹೇಬರು ಮುನಿದರೂ ಹೋಗುತ್ತದೆ. ಪ್ರಜೆಗಳು ಮುನಿದರೆ? ತಕ್ಷಣಕ್ಕೆ ಏನೂ ಆಗುವುದಿಲ್ಲ. ಏಕೆಂದರೆ ಪ್ರಜೆಗಳು ಅವರನ್ನು ಆರಿಸಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಲಠ್ಠೆಯವರ ಬದುಕು ಅರ್ಥವಾಗಬೇಕಾದರೆ ಇದು ಬೇಕು.

ಕುರುಂದವಾಡದ ಹುಡುಗ

ಅಣ್ಣಾಸಾಹೇಬರ ಪೂರ್ಣ ಹೆಸರು ಅಣ್ಣಾ ಬಾಬಾಜಿ ಲಠ್ಠೆ. ಹುಟ್ಟಿದ್ದು 1878ರಲ್ಲಿ, ಕೃಷ್ಣಾ ತೀರದ ಕುರುಂದವಾಡದಲ್ಲಿ. ಅದೂ ಪಟವರ್ಧನರ ಒಂದು ಸಣ್ಣ ಸಂಸ್ಥಾನವೇ. ಜೈನ ಮನೆತನ. ಆ ಕಾಲದಲ್ಲಿ ಈ ಭಾಗದ ಜೈನರಲ್ಲಿ ಹೆಚ್ಚಿನವರು ಒಕ್ಕಲುತನದವರು. ಕಾಲೇಜು ಮೆಟ್ಟಿಲು ಹತ್ತಿದವರು ಬೆರಳೆಣಿಕೆಯಷ್ಟು. ಅಂಥಲ್ಲಿ ಇವರು ಎಂ.ಎ., ಎಲ್‌ಎಲ್.ಬಿ. ಮುಗಿಸಿದರು. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಮುಂಚೂಣಿಯಲ್ಲಿ ನಿಂತು ತಮ್ಮ ಸಮಾಜದ ಮಕ್ಕಳನ್ನು ಶಾಲೆಗೆ ಕಳಿಸುವ ಕೆಲಸಕ್ಕೆ ಇಳಿದರು. 1905ರಲ್ಲಿ ಜೈನ ಧರ್ಮದ ಪರಿಚಯ ಮಾಡಿಕೊಡುವ ಪುಸ್ತಕವೊಂದನ್ನು ಇಂಗ್ಲಿಷಿನಲ್ಲಿ ಬರೆದರು.

ಆಗ ಕೊಲ್ಹಾಪುರವನ್ನು ಆಳುತ್ತಿದ್ದವರು ಶಾಹು ಮಹಾರಾಜರು. 1902ರಲ್ಲಿಯೇ ತಮ್ಮ ಸಂಸ್ಥಾನದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟವರು. ಹಳ್ಳಿ ಮಕ್ಕಳು ಪಟ್ಟಣಕ್ಕೆ ಬಂದು ಓದಬೇಕಾದರೆ ಊಟ-ವಸತಿ ಬೇಕು ಎಂದು ಅರಿತು ಒಂದೊಂದು ಸಮಾಜಕ್ಕೂ ಬೋರ್ಡಿಂಗ್ ಆಗುವಂತೆ ನೋಡಿಕೊಂಡರು. ಮರಾಠಾ, ಜೈನ, ಲಿಂಗಾಯತ ಬೋರ್ಡಿಂಗುಗಳು ಎದ್ದವು. 1906ರಲ್ಲಿ ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಶಿಕ್ಷಣ ಸಂಸ್ಥೆ, ಬೋರ್ಡಿಂಗ್ ಆಯಿತು. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡಿದ್ದ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಹಾಸ್ಟೆಲ್ ಆಯಿತು. ನಮ್ಮದೇ ಇಂಥ ಕಾಲೇಜುಗಳೂ ಹಾಸ್ಟೆಲುಗಳೂ ಯಾವ ದಾರಿಯಲ್ಲಿ ಬಂದವು ಎಂದು ತಿಳಿಯಬೇಕಾದರೆ ಈ ಬೋರ್ಡಿಂಗುಗಳ ಕಥೆ ಓದಬೇಕು.

ಲಠ್ಠೆ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಆಮೇಲೆ ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಜೊತೆಗೆ ಜೈನ ಬೋರ್ಡಿಂಗಿನ ಉಸ್ತುವಾರಿ.

ಹೊರಹಾಕಿದ ಹುಡುಗನೇ ಕಾಪಾಡಿದ್ದು

ಆ ಜೈನ ಬೋರ್ಡಿಂಗಿನಲ್ಲಿ ಕುಂಭೋಜದ ಭಾವುರಾವ್ ಪಾಟೀಲ ಎಂಬ ಹುಡುಗನಿದ್ದ. ಅವನು ಮಿಸ್ ಕ್ಲಾರ್ಕ್ ಹಾಸ್ಟೆಲಿನ ಸಮಾರಂಭಕ್ಕೆ ಹೋಗಿ ಅಲ್ಲಿನವರ ಜೊತೆ ಕುಳಿತು ಊಟ ಮಾಡಿದ. ತಿರುಗಿ ಬಂದಾಗ "ಸ್ನಾನ ಮಾಡಿ ಶುದ್ಧನಾಗಿ ಒಳಗೆ ಬಾ" ಎಂದು ತಾಕೀತಾಯಿತು. ಹುಡುಗ ಒಪ್ಪಲಿಲ್ಲ. ಮನುಷ್ಯರ ಜೊತೆ ಉಂಡರೆ ಮೈಲಿಗೆ ಹೇಗಾಗುತ್ತದೆ ಎಂಬುದು ಅವನ ಹಟ. ಶಿಸ್ತು ಮೀರಿದನೆಂದು ಲಠ್ಠೆ ಅವನನ್ನು ಬೋರ್ಡಿಂಗಿನಿಂದ ಹೊರಹಾಕಿದರು. ಇಷ್ಟು ಓದಿದವರು, ಸಮಾಜ ಸುಧಾರಕರೆನಿಸಿಕೊಂಡವರು ಹೀಗೆ ಮಾಡಿದರಲ್ಲ ಎಂದು ನನಗೆ ಬೇಸರವಾಯಿತು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ.

1914ರಲ್ಲಿ ಕೊಲ್ಹಾಪುರದಲ್ಲಿ ಬ್ರಿಟಿಷ್ ದೊರೆ ಏಳನೆಯ ಎಡ್ವರ್ಡರ ಪ್ರತಿಮೆಗೆ ಯಾರೋ ಡಾಂಬರು ಬಳಿದರು. ಅಂದಿನ ಕಾಲಕ್ಕೆ ಅದು ರಾಜದ್ರೋಹದಂಥ ಅಪರಾಧ. ಒಳಜಗಳದ ಹಗೆತನ ಸೇರಿಕೊಂಡು, ಇದರ ಹಿಂದೆ ಲಠ್ಠೆ ಇದ್ದಾರೆ ಎಂದು ಅವರನ್ನು ಸಿಕ್ಕಿಸುವ ಪ್ರಯತ್ನ ನಡೆಯಿತು. ಸಾಕ್ಷಿ ಬೇಕಲ್ಲ? ಲಠ್ಠೆಯವರ ಮೇಲೆ ಸಿಟ್ಟಿರಬಹುದಾದ ಭಾವುರಾವ್ ನೆನಪಾದರು. "ಲಠ್ಠೆ ಮಾಡಿಸಿದ್ದು ಎಂದು ಹೇಳು" ಎಂಬ ಒತ್ತಾಯ ಶುರುವಾಯಿತು. ಅವರು ಒಪ್ಪಲಿಲ್ಲ. ಪೊಲೀಸರು ಹಿಡಿದು ಕೂಡಿಹಾಕಿ ಹಿಂಸೆ ಕೊಟ್ಟರು. ಹಿಂಸೆ ತಾಳದೆ ಅವರು ಪ್ರಾಣ ಕಳೆದುಕೊಳ್ಳಲು ಹೋದರೇ ಹೊರತು ಸುಳ್ಳು ಸಾಕ್ಷಿಗೆ ಬಾಯಿ ತೆರೆಯಲಿಲ್ಲ. ತನ್ನನ್ನು ಹೊರದಬ್ಬಿದವರ ವಿರುದ್ಧವೂ ಸುಳ್ಳು ಹೇಳದ ಈ ಮನುಷ್ಯ 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿದರು. ಕರ್ಮವೀರ ಎಂಬ ಹೆಸರಿನಿಂದ ಮಹಾರಾಷ್ಟ್ರದ ಮನೆಮಾತಾದರು. 1959ರಲ್ಲಿ ಪದ್ಮಭೂಷಣ ಬಂದದ್ದು ಇವರಿಗೇ.

ನಮ್ಮ ಮನೆಗಳಲ್ಲಿ ಹಿರಿಯರು ಹೇಳಿಕೊಡುವ ಪಾಠವೊಂದಿದೆ: ಒಂದು ಜನದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂದು. ಅದನ್ನು ಬದುಕಿ ತೋರಿಸಿದವರು ಭಾವುರಾವ್.

ಇಲ್ಲಿ ಸಂಸ್ಥಾನದ ಆಡಳಿತದ ಇನ್ನೊಂದು ಮುಖ ಕಾಣುತ್ತದೆ. ಶಾಹು ಮಹಾರಾಜರಂಥ ದೊಡ್ಡ ಮನಸ್ಸಿನ ರಾಜರ ಕಾಲದಲ್ಲಿಯೂ, ಯಾರೋ ಕಿವಿ ಚುಚ್ಚಿದರೆ ಸಾಕು, ಒಬ್ಬ ಪ್ರಾಧ್ಯಾಪಕರ ಬದುಕು ಒಂದು ದಿನದಲ್ಲಿ ತಲೆಕೆಳಗಾಗಬಹುದಿತ್ತು. ರಾಜರು ಒಳ್ಳೆಯವರಿದ್ದರೆ ಸಾಲದು. ರಾಜರ ಹೆಸರಿನಲ್ಲಿ ಕೆಲಸ ಮಾಡುವವರನ್ನು ತಡೆಯುವ ಕಾನೂನೂ ಬೇಕು.

ಬೆಳಗಾವಿಯ ವಕೀಲ, ಕೊಲ್ಹಾಪುರದ ದಿವಾನ

ಲಠ್ಠೆ ಕೊಲ್ಹಾಪುರ ಬಿಟ್ಟರು. ಬಂದದ್ದು ಬೆಳಗಾವಿಗೆ. ಸಂಸ್ಥಾನದ ಗಡಿ ದಾಟಿದರೆ ಸಂಸ್ಥಾನದ ಹುಕುಂ ನಡೆಯುವುದಿಲ್ಲ ಎಂಬುದು ಆಗ ಎಲ್ಲರಿಗೂ ಗೊತ್ತಿದ್ದ ಗುಟ್ಟು. ಇಲ್ಲಿ ವಕೀಲಿ ಮಾಡುತ್ತ ಸಾರ್ವಜನಿಕ ಕೆಲಸದಲ್ಲಿ ತೊಡಗಿದರು. ಬ್ರಾಹ್ಮಣೇತರ ಚಳವಳಿಯ ನಾಯಕರಲ್ಲಿ ಒಬ್ಬರಾದರು. 1920ರಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಕರ್ನಾಟಕ ಬ್ರಾಹ್ಮಣೇತರ ಪರಿಷತ್ತಿಗೆ ಶಾಹು ಮಹಾರಾಜರೇ ಅಧ್ಯಕ್ಷರಾಗಿ ಬಂದಿದ್ದರು ಎಂದರೆ ಆ ಚಳವಳಿ ನಮ್ಮ ಭಾಗದಲ್ಲಿ ಎಷ್ಟು ಬಲವಾಗಿತ್ತು ಎಂದು ಊಹಿಸಬಹುದು. ಅದೇ ಸುಮಾರಿಗೆ ಲಠ್ಠೆ ಕೇಂದ್ರ ಶಾಸನ ಸಭೆಯ ಸದಸ್ಯರಾಗಿ ದೆಹಲಿಗೆ ಹೋದರು.

1922ರ ಮೇ 6ರಂದು ಶಾಹು ಮಹಾರಾಜರು ತೀರಿಕೊಂಡರು. ಎರಡು ವರ್ಷದ ನಂತರ, 1924ರಲ್ಲಿ, ಅವರ ಜೀವನಚರಿತ್ರೆ ಎರಡು ಸಂಪುಟಗಳಲ್ಲಿ ಇಂಗ್ಲಿಷಿನಲ್ಲಿ ಹೊರಬಂತು. ಬರೆದವರು ಯಾರು? ಲಠ್ಠೆ. ಯಾವ ರಾಜರ ಊರನ್ನು ಬಿಟ್ಟು ಬಂದರೋ ಆ ರಾಜರ ದೊಡ್ಡತನವನ್ನು ಲೋಕಕ್ಕೆ ತಿಳಿಸಿದವರು ಅವರೇ. ಶಾಹು ಅವರ ಬಗ್ಗೆ ಓದುವವರು ಇಂದಿಗೂ ಆ ಪುಸ್ತಕಕ್ಕೆ ಹೋಗುತ್ತಾರೆ.

1926ರಲ್ಲಿ ಹೊಸ ರಾಜರಾದ ರಾಜಾರಾಮ ಮಹಾರಾಜರು ಲಠ್ಠೆಯವರನ್ನು ಕೊಲ್ಹಾಪುರದ ದಿವಾನರಾಗಿ ಕರೆದರು. ಹನ್ನೆರಡು ವರ್ಷದ ಹಿಂದೆ ಪೊಲೀಸರು ಯಾರ ವಿರುದ್ಧ ಸಾಕ್ಷಿ ಹುಡುಕುತ್ತಿದ್ದರೋ, ಅದೇ ಪೊಲೀಸ್ ಇಲಾಖೆಗೆ ಈಗ ಅವರೇ ಮೇಲಧಿಕಾರಿ. ನಮ್ಮ ನೆರೆಯ ರಾಯಬಾಗವೂ ರಾಮದುರ್ಗದ ಬಳಿಯ ಕಟಕೋಳವೂ ಕೊಲ್ಹಾಪುರಕ್ಕೆ ಸೇರಿದ್ದವಾದ್ದರಿಂದ ಈ ಕನ್ನಡದ ಊರುಗಳ ರೈತರಿಗೂ ಅವರೇ ಸರಕಾರದ ಮುಖ್ಯಸ್ಥರು. 1930ರಲ್ಲಿ, ಸಂಸ್ಥಾನಗಳ ಸಮಸ್ಯೆಗಳ ಮೇಲೆಯೇ ಒಂದು ಇಂಗ್ಲಿಷ್ ಪುಸ್ತಕ ಬರೆದರು. ದಿವಾನ ಬಹಾದ್ದೂರ ಎಂಬ ಬಿರುದೂ ಅವರಿಗಿತ್ತು. ಇಲ್ಲಿ ಗೊಂದಲ ಬೇಡ: ದಿವಾನ ಎಂಬುದು ಹುದ್ದೆ, ದಿವಾನ ಬಹಾದ್ದೂರ ಎಂಬುದು ಬ್ರಿಟಿಷ್ ಸರಕಾರ ಕೊಡುತ್ತಿದ್ದ ಬಿರುದು. ದಿವಾನರಲ್ಲದವರಿಗೂ ಅದು ಸಿಗುತ್ತಿತ್ತು.

ಅದೇ 1926ರಲ್ಲಿ ಇನ್ನೊಬ್ಬ ದಿವಾನರು

ಸರ್ ಮಿರ್ಜಾ ಇಸ್ಮಾಯಿಲ್ ಮೈಸೂರಿನ ದಿವಾನರಾದದ್ದೂ 1926ರಲ್ಲಿಯೇ. ಇಬ್ಬರನ್ನೂ ಪಕ್ಕದಲ್ಲಿಟ್ಟು ನೋಡಿದರೆ ಹುದ್ದೆಯ ಸ್ವಭಾವ ಇನ್ನೂ ಸ್ಪಷ್ಟವಾಗುತ್ತದೆ. ಮಿರ್ಜಾ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಜೊತೆ ಅರಮನೆಯ ಶಾಲೆಯಲ್ಲಿ ಓದಿದವರು. ಆ ಗೆಳೆತನ, ನಂಬಿಕೆ ಅವರ ಬಲ. ನಾಲ್ವಡಿಯವರು 1940ರಲ್ಲಿ ತೀರಿಕೊಂಡರು. ಮರುವರ್ಷವೇ ಮಿರ್ಜಾ ರಾಜೀನಾಮೆ ಕೊಟ್ಟರು. ಆಮೇಲೆ ಜೈಪುರದ ಪ್ರಧಾನಮಂತ್ರಿಯಾಗಿ ಆ ಪಟ್ಟಣವನ್ನು ಅಂದಗೊಳಿಸಿದರು. ಅಲ್ಲಿನ ಮುಖ್ಯ ರಸ್ತೆಗೆ ಇಂದಿಗೂ ಅವರದೇ ಹೆಸರು. 1946ರಲ್ಲಿ ಹೈದರಾಬಾದಿನ ಪ್ರಧಾನಿಯಾದರು. ಭಾರತದೊಡನೆ ಹೊಂದಿಕೊಂಡು ಹೋಗುವುದು ಲೇಸು ಎಂಬ ಅವರ ಸಲಹೆ ಅಲ್ಲಿ ನಡೆಯಲಿಲ್ಲ. ವರ್ಷ ತುಂಬುವ ಮೊದಲೇ ಬಿಟ್ಟು ಬಂದರು.

ನೋಡಿ, ಎಷ್ಟು ಸಮರ್ಥರಾದರೂ ದಿವಾನರ ಕುರ್ಚಿ ರಾಜರ ನಂಬಿಕೆಯ ಮೇಲೆ ನಿಂತದ್ದು. ರಾಜರು ಬದಲಾದರೆ ಅಥವಾ ರಾಜರ ಕಿವಿ ಬೇರೆಯವರಿಗೆ ಸಿಕ್ಕರೆ, ಕೆಲಸದ ಲೆಕ್ಕ ಯಾರೂ ಕೇಳುವುದಿಲ್ಲ.

ಬೆಳಗಾವಿ ಕಳಿಸಿದ ಹಣಕಾಸು ಮಂತ್ರಿ

ಲಠ್ಠೆಯವರ ದಾರಿ ಬೇರೆಯಾಗುವುದು ಇಲ್ಲಿಯೇ. 1930ರ ದಶಕದ ಆರಂಭದಲ್ಲಿ ದಿವಾನಗಿರಿ ಮುಗಿದ ಮೇಲೆ ಅವರು ಇನ್ನೊಂದು ಸಂಸ್ಥಾನ ಹುಡುಕಿಕೊಂಡು ಹೋಗಲಿಲ್ಲ. 1935ರ ಕಾಯಿದೆಯಂತೆ 1937ರಲ್ಲಿ ಪ್ರಾಂತಗಳಲ್ಲಿ ಚುನಾವಣೆ ನಡೆದಾಗ ಕಾಂಗ್ರೆಸ್ಸಿನಿಂದ ಬೆಳಗಾವಿ ಜಿಲ್ಲೆಯಲ್ಲಿ ನಿಂತು ಗೆದ್ದರು. ಬಾಳಾಸಾಹೇಬ ಖೇರ್ ಅವರ ಮಂತ್ರಿಮಂಡಲದಲ್ಲಿ ಮುಂಬೈ ಪ್ರಾಂತದ ಹಣಕಾಸು ಮಂತ್ರಿಯಾದರು.

ಅಂದು ಎಲ್ಲರಿಗೂ ಮತವಿರಲಿಲ್ಲ. ಆಸ್ತಿ, ತೆರಿಗೆ, ಓದು ಇದ್ದವರಿಗೆ ಮಾತ್ರ. ಮುಸ್ಲಿಮರಿಗೆ ಬೇರೆ ಕ್ಷೇತ್ರಗಳಿದ್ದವು. ಆದರೂ ಬ್ರಿಟಿಷ್ ಜಿಲ್ಲೆಯ ಒಬ್ಬ ರೈತನಿಗೆ ಮಂತ್ರಿಯಾಗುವವರನ್ನು ಆರಿಸುವ ಹಕ್ಕು ಸ್ವಲ್ಪವಾದರೂ ಸಿಕ್ಕಿತ್ತು. ಕೆಲವೇ ಮೈಲಿ ಆಚೆ ರಾಯಬಾಗದ ರೈತನಿಗೆ ತನ್ನ ದಿವಾನರನ್ನು ಆರಿಸುವ ಹಕ್ಕು ಇರಲಿಲ್ಲ. ಹೊಲ ಒಂದೇ ಥರ, ಬೆಳೆ ಒಂದೇ ಥರ, ಭಾಷೆಯೂ ಒಂದೇ. ಹಕ್ಕು ಮಾತ್ರ ಬೇರೆ.

ಮಂತ್ರಿಯ ಕುರ್ಚಿ ಹಗುರವಾಗಿರಲಿಲ್ಲ. ಕಾಂಗ್ರೆಸ್ ಪಾನನಿಷೇಧದ ಭರವಸೆ ಕೊಟ್ಟಿತ್ತು. ಆದರೆ ಸೆರೆ, ಸೇಂದಿಯಿಂದ ಬರುವ ಅಬಕಾರಿ ತೆರಿಗೆ ಸರಕಾರದ ದೊಡ್ಡ ಆದಾಯ. ಅಂಗಡಿ ಮುಚ್ಚಿದರೆ ಖಜಾನೆಗೆ ತೂತು. ಅದನ್ನು ತುಂಬಲು ಲಠ್ಠೆ 1939ರಲ್ಲಿ ಮುಂಬೈ ನಗರದ ಮನೆ-ಮಳಿಗೆಗಳ ಬಾಡಿಗೆ ಮೌಲ್ಯದ ಮೇಲೆ ಶೇಕಡಾ 10ರ ತೆರಿಗೆ ತಂದರು. ಮನೆ ಮಾಲೀಕರು, ಅವರಲ್ಲೂ ಪಾರ್ಸಿಗಳು ಮತ್ತು ಮುಸ್ಲಿಮರು, ಜೋರಾಗಿ ವಿರೋಧಿಸಿದರು. ಸಭೆಯಲ್ಲಿ ಪ್ರಶ್ನೆಗಳ ಮಳೆ. 1939ರ ಆಗಸ್ಟ್ 1ರಂದು ಮುಂಬೈಯಲ್ಲಿ ಪಾನನಿಷೇಧ ಜಾರಿಗೆ ಬಂತು. ಆ ತೆರಿಗೆ ಸರಿಯೋ ತಪ್ಪೋ ಎಂದು ಇಂದೂ ವಾದ ಮಾಡಬಹುದು. ನಾನು ಹೇಳಬೇಕೆಂದಿರುವುದು ಬೇರೆ: ದಿವಾನರಾಗಿದ್ದಾಗ ತೆರಿಗೆಗೆ ರಾಜರ ಒಪ್ಪಿಗೆ ಸಾಕಿತ್ತು. ಮಂತ್ರಿಯಾದಾಗ ಅದೇ ಮನುಷ್ಯ ಎದ್ದು ನಿಂತು, ಬೈಗುಳ ಕೇಳಿ, ಕಾರಣ ಹೇಳಿ, ಸಭೆಯ ಮತ ಪಡೆಯಬೇಕಾಯಿತು. ಅದೇ ಸರಕಾರದ ಕಾಲದಲ್ಲಿ ಸಾಲದಲ್ಲಿ ಮುಳುಗಿದ ರೈತರಿಗಾಗಿ ಋಣ ಪರಿಹಾರದ ಕಾಯಿದೆ, ಗೇಣಿದಾರರಿಗಾಗಿ ಗೇಣಿ ಕಾಯಿದೆ ಬಂದವು. ಎರಡೂ 1939ರವೇ.

ಅದೇ ವರ್ಷ ಬ್ರಿಟಿಷರು ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದಾಗ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಲಠ್ಠೆಯವರೂ ಇಳಿದರು. ಒಬ್ಬ ರಾಜರ ಸಿಟ್ಟಿಗಾಗಿ ಅಲ್ಲ, ಒಂದು ತತ್ವಕ್ಕಾಗಿ. 1950ರಲ್ಲಿ, ನಮ್ಮ ಸಂವಿಧಾನ ಜಾರಿಗೆ ಬಂದ ವರ್ಷವೇ, ಅವರು ತೀರಿಕೊಂಡರು. ಸಾಂಗಲಿಯಲ್ಲಿ ಅವರ ಹೆಸರಿನ ಶಿಕ್ಷಣ ಸಂಸ್ಥೆ ಇದೆ.

ಅಷ್ಟರಲ್ಲಿ ಅವರು ದುಡಿದ ಸಂಸ್ಥಾನಗಳ ಲೋಕವೇ ಮುಗಿದಿತ್ತು. 1948ರ ಮಾರ್ಚ್ 8ರಂದು ದಖ್ಖನಿನ ಸಣ್ಣ ಸಂಸ್ಥಾನಗಳು, 1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬೈ ಪ್ರಾಂತದಲ್ಲಿ ಲೀನವಾದವು. ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. 1956ರ ನವೆಂಬರ್ 1ರಂದು ನಾವೆಲ್ಲ ಒಂದೇ ರಾಜ್ಯದವರಾದೆವು.

ನಮಗೆ ಉಳಿದದ್ದು

ಲಠ್ಠೆಯವರನ್ನು ನಾನು ತಪ್ಪಿಲ್ಲದ ಮಹಾಪುರುಷ ಎಂದು ಬರೆಯುತ್ತಿಲ್ಲ. ಭಾವುರಾವ್ ಅವರನ್ನು ಹೊರಹಾಕಿದ್ದು ತಪ್ಪೇ. ಆದರೆ ಅವರ ಬದುಕಿನಲ್ಲಿ ನಮಗೆ ಎರಡು ಮಾತು ಕಲಿಯಲಿಕ್ಕಿವೆ. ಮೊದಲನೆಯದು, ಒಕ್ಕಲುತನದ ಸಮಾಜದ ಹುಡುಗನೊಬ್ಬ ದಿವಾನರ ಕುರ್ಚಿಯವರೆಗೆ ಏರಿದ್ದು ಓದಿನಿಂದ. ಎರಡನೆಯದು, ಒಳ್ಳೆಯ ಆಡಳಿತಗಾರ ಸಿಗುವುದು ಅದೃಷ್ಟ. ಅವರನ್ನು ಪ್ರಶ್ನಿಸುವ ಹಕ್ಕು ಸಿಗುವುದು ವ್ಯವಸ್ಥೆ. ಹದಿನೆಂಟು ತುಂಬಿದ ಕೂಡಲೇ ನಮಗೆ ಸಿಗುವ ಮತದ ಚೀಟಿ ರಾಯಬಾಗದ ರೈತನಿಗೆ 1930ರಲ್ಲಿ ಇರಲಿಲ್ಲ. ಈ ವರ್ಷ ಹದಿನೆಂಟು ತುಂಬುವವರು ಹೆಸರು ಸೇರಿಸುವುದನ್ನು ಮರೆಯಬೇಡಿ.

ಕೊನೆಗೆ ಒಂದು ಕೆಲಸ. ನಿಮ್ಮ ಮನೆಯ ಹಿರಿಯರನ್ನು ಕೇಳಿ: ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ಊರು ಯಾರದಾಗಿತ್ತು? ಬ್ರಿಟಿಷರದೋ, ಮುಧೋಳದ್ದೋ, ಸಾಂಗಲಿಯದೋ, ಕೊಲ್ಹಾಪುರದ್ದೋ? ಉತ್ತರ ಬರೆದು ಗ್ರಂಥಾಲಯದ ಪಕ್ಕದ ಭಿತ್ತಿಪತ್ರಿಕೆಗೆ ಕೊಡಿ. ನಮ್ಮ ಕಾಲೇಜಿಗೆ ಬರುವ ಹಳ್ಳಿಗಳದ್ದೇ ಒಂದು ನಕಾಶೆ ಮಾಡಿದರೆ, ಒಂದೇ ಬೆಂಚಿನಲ್ಲಿ ಕುಳಿತಿರುವ ನಾವು ಎಷ್ಟು ರಾಜ್ಯಗಳ ಪ್ರಜೆಗಳ ಮೊಮ್ಮಕ್ಕಳು ಎಂಬುದು ಗೊತ್ತಾಗುತ್ತದೆ.